ಐಸ್ ಫ್ಯಾಕ್ಟರಿಗೆ ಒಂದು ಮೂಗು ಬೇಕಾಗಿದೆ

ವಾಣಿಜ್ಯ ಮತ್ತು ಕೈಗಾರಿಕಾ ಅಭಿವೃದ್ಧಿ ಕಚೇರಿಯ ಮುಖ್ಯಾಧಿಕಾರಿಗಳಿಗೆ, ಫ್ಯಾಕ್ಟರಿ ಎದುರಿನ ಟೀ ಅಂಗಡಿಯಿಂದ

ಮಾನ್ಯರೇ,

ನನಗೆ ಭಯವಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಚೇರಿಗೆ ಬರುವ ಅರ್ಜಿಗಳಲ್ಲಿ ಸವಿನಯ ಪ್ರಾರ್ಥನೆ ಇರುತ್ತದೆ, ತಮ್ಮ ಗಮನಕ್ಕೆ ತರಬಯಸುವುದಿರುತ್ತದೆ, ಭಯ ಎಂಬ ಮಾತು ಮಾತ್ರ ಇರುವುದಿಲ್ಲ. ನಮ್ಮ ಬೀದಿಯ ಐಸ್ ಫ್ಯಾಕ್ಟರಿಯ ಗೇಟಿನಲ್ಲಿ ತಾವು ರಿಬ್ಬನ್ ಕತ್ತರಿಸಿ ಉದ್ಘಾಟಿಸಿದ ಗಾಳಿಯ ಮೀಟರ್ ಈಗಲೂ ಹಸಿರು ದೀಪ ತೋರಿಸುತ್ತಾ ನಿಂತಿದೆ. ಒಳಗೆ ಐಸ್ ಹೆಪ್ಪುಗಟ್ಟಿಸಲು ಬಳಸುವ ಅಮೋನಿಯಾ ಅನಿಲ ಸೋರಿದ ದಿನವೂ ಅದು ಹಸಿರನ್ನೇ ತೋರಿಸಿತು. ನಾಳೆ ಇನ್ನೂ ದೊಡ್ಡದಾಗಿ ಸೋರಿ, ಯಂತ್ರದ ಕೋಣೆಯಲ್ಲಿರುವವರು ಉಸಿರುಕಟ್ಟಿ ಬಿದ್ದರೂ ಹಸಿರನ್ನೇ ತೋರಿಸುತ್ತದೆ. ಆ ಕೋಣೆಯಲ್ಲಿರುವುದು ನನ್ನ ಗಂಡ. ಹೀಗಿರುವಾಗ ಬರುವ ವಾರ ಇದೇ ಫ್ಯಾಕ್ಟರಿಗೆ ತಾವು 'ಸುಸ್ಥಿರ ಉದ್ಯಮ' ಪ್ರಶಸ್ತಿ ಕೊಡಲು ಬರುತ್ತಿದ್ದೀರಿ ಎಂದು ಗೋಡೆಗೆ ಬಣ್ಣ ಹೊಡೆಯುವವರು ಹೇಳಿದರು.

ನಾನು ಯಾರೆಂದು ಕೇಳುತ್ತೀರಿ. ಫ್ಯಾಕ್ಟರಿಯ ಗೇಟಿಗೆ ಎದುರಾಗಿ, ಒಂದು ಗಾಡಿ ಹೋದರೆ ಇನ್ನೊಂದು ನಿಲ್ಲಬೇಕಾದಷ್ಟು ಕಿರಿದಾದ ಬೀದಿಯ ಈಚೆ ಬದಿಯಲ್ಲಿ ತಗಡಿನ ಸೂರಿನ ಟೀ ಅಂಗಡಿ ಇದೆಯಲ್ಲ, ಅದು ನನ್ನದು. ಉದ್ಘಾಟನೆಯ ದಿನ ತಮಗೆ ಸಕ್ಕರೆ ಕಡಿಮೆ ಹಾಕಿದ ಟೀ ಕಳಿಸಿದವಳು ನಾನೇ. ವಾಣಿಜ್ಯ ಪದವೀಧರೆ. ನಗಬೇಡಿ, ಟೀ ಮಾರುವುದೂ ವಾಣಿಜ್ಯವೇ. ಉದ್ಯಮದ ಸಾಮಾಜಿಕ ಹೊಣೆ ಎಂಬ ವಿಷಯದ ಮೇಲೆ ಪರೀಕ್ಷೆಯಲ್ಲಿ ಪುಟ ತುಂಬ ಬರೆದು ಪಾಸಾದವಳು. ಏನು ಬರೆದೆನೋ ಈಗ ನೆನಪಿಲ್ಲ, ಗೀಚಿದವರಿಗೆಲ್ಲ ಅಂಕ ಸಿಗುತ್ತಿತ್ತು. ತಮ್ಮ ಅಂದಿನ ಭಾಷಣ ಕೇಳುವಾಗ ನನಗೆ ಆ ಉತ್ತರ ಪತ್ರಿಕೆಯೇ ನೆನಪಾಯಿತು.

ಮೊದಲೇ ಒಂದು ಅನುಮಾನ ಪರಿಹರಿಸಿಬಿಡುತ್ತೇನೆ. ನಾನು ಫ್ಯಾಕ್ಟರಿಯ ವಿರೋಧಿಯಲ್ಲ. ಅದರ ಉಪ್ಪುನೀರಿನ ತೊಟ್ಟಿಯಿಂದ ಎದ್ದುಬರುವ ಐಸ್ ಗಡ್ಡೆಗಳ ಮೇಲೆ ಈ ಬೀದಿಯ ಬದುಕೆಲ್ಲ ಕೂತಿದೆ. ಮೀನು ಮಾರುವವರು, ಹಾಲಿನ ಗಾಡಿಯವರು, ಹೂವು ದೂರದೂರಿಗೆ ಕಳಿಸುವವರು, ಕರೆಂಟು ಹೋದಾಗ ಔಷಧಿ ಅಂಗಡಿಯವರು, ಎಲ್ಲರೂ ಬೆಳಿಗ್ಗೆ ಆ ಗೇಟಿನ ಮುಂದೆ ಸಾಲು ನಿಲ್ಲುತ್ತಾರೆ. ಐಸ್ ಇಲ್ಲದಿದ್ದರೆ ಹಿಡಿದ ಮೀನಿನಲ್ಲಿ ಅರ್ಧ ಕೊಳೆತು ಹೋಗುತ್ತದೆ, ಕೊಳೆತದ್ದಕ್ಕೆ ಬದಲಾಗಿ ಇನ್ನಷ್ಟು ಹಿಡಿಯಬೇಕಾಗುತ್ತದೆ. ಹಾಳಾಗದಂತೆ ಉಳಿಸುವುದೂ ಅಭಿವೃದ್ಧಿಯೇ ಎಂದು ತಾವು ಹೇಳಿದಿರಿ, ನಾನು ಸೌಟು ಕೆಳಗಿಟ್ಟು ಚಪ್ಪಾಳೆ ತಟ್ಟಿದೆ. ವ್ಯಾಪಾರ, ಉದ್ಯಮಗಳೇ ಸುಸ್ಥಿರ ಅಭಿವೃದ್ಧಿಯ ಬೆನ್ನೆಲುಬು ಎಂದಿರಿ, ಅದಕ್ಕೂ ತಟ್ಟಿದೆ. ತಂಪು ಮಾಡುವ ಬೇರೆ ಅನಿಲಗಳಿಂದ ಆಗುವಂತೆ ಅಮೋನಿಯಾದಿಂದ ಆಕಾಶಕ್ಕೆ ಹಾನಿಯಿಲ್ಲ, ಆದ್ದರಿಂದ ಇದು ಹಸಿರು ಕಾರ್ಖಾನೆ ಎಂದಿರಿ. ಇರಬಹುದು ಸ್ವಾಮಿ. ಆದರೆ ಯಂತ್ರಕ್ಕೂ ಆಕಾಶಕ್ಕೂ ನಡುವೆ ನಾವು ಕೆಲವು ಜನ ಉಸಿರಾಡುತ್ತಿದ್ದೇವೆ. ಭಾಷಣದಲ್ಲಿ ನಮ್ಮ ಪ್ರಸ್ತಾಪ ಬರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಅಮೋನಿಯಾ ಇದೆಯಲ್ಲ, ಅದು ಬಹಳ ಪ್ರಾಮಾಣಿಕ ಅನಿಲ. ಚೂರು ಸೋರಿದರೂ ಸಾಕು, ಗಬ್ಬುನಾತ ಬೀರಿ ಬಂದೆ ಎಂದು ತಾನೇ ಹೇಳಿಕೊಳ್ಳುತ್ತದೆ. ಆದರೆ ದಿನವಿಡೀ ಅದರ ಜೊತೆಗಿರುವವರ ಮೂಗಿಗೆ ಆ ಮಾತು ಕೇಳಿಸುವುದಿಲ್ಲ. ನಮ್ಮನೆಯವರು ಮದುವೆಗೆ ಮೊದಲಿನಿಂದಲೂ ಅಲ್ಲಿ ಯಂತ್ರ ನಡೆಸುತ್ತಿದ್ದಾರೆ. ಸಣ್ಣ ಸೋರಿಕೆ ಅವರಿಗಾಗಲಿ ಅವರ ಜೊತೆಗಾರರಿಗಾಗಲಿ ತಿಳಿಯುವುದೇ ಇಲ್ಲ, ಒಗ್ಗಿಹೋಗಿದೆ. ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಅವರ ಹತ್ತಿರ ಗಂಧಕದ ಕಡ್ಡಿಗಳಿವೆ, ಹಚ್ಚಿ ಹಿಡಿದರೆ ಸೋರುವ ಜಾಗದಲ್ಲಿ ಬಿಳಿ ಹೊಗೆ ಏಳುತ್ತದೆ. ಆದರೆ ಕಡ್ಡಿ ಹಚ್ಚಬೇಕಾದರೆ ಏನೋ ಸೋರುತ್ತಿದೆ ಎಂಬ ಅನುಮಾನವಾದರೂ ಮೊದಲು ಬರಬೇಕಲ್ಲ?

ಬೀದಿಯವರ ಮೂಗೂ ಒಗ್ಗಿಹೋಗಿತ್ತು, ಯಾಕೋ ನನ್ನದೊಂದು ಮಾತ್ರ ಒಗ್ಗಲಿಲ್ಲ, ಅದಕ್ಕೆ ಅವರು ಕಂಡುಕೊಂಡ ಉಪಾಯ ನಾನು. ಕೆಲಸದ ನಡುವೆ ಟೀಗೆ ಬಂದವರು ಲೋಟ ಕೈಗೆ ತೆಗೆದುಕೊಳ್ಳುವ ಮೊದಲು ಕೇಳುತ್ತಿದ್ದರು, "ಏನಕ್ಕ, ವಾಸನೆ ಬರ್ತಿದೆಯಾ?" ಇಲ್ಲ ಎಂದರೆ ಕೂತು ಕುಡಿಯುತ್ತಿದ್ದರು. ಹೂಂ ಎಂದರೆ ಟೀ ಅಲ್ಲೇ ಬಿಟ್ಟು ಒಳಗೋಡಿ ಕಡ್ಡಿ ಹಚ್ಚುತ್ತಿದ್ದರು, ಎಲ್ಲೋ ಒಂದು ವಾಲ್ವ್ ಸಡಿಲವಾಗಿರುವುದು ಸಿಕ್ಕೇ ಸಿಗುತ್ತಿತ್ತು. ಇದು ಯಾರೂ ಕೂತು ಮಾಡಿದ ನಿಯಮವಲ್ಲ, ರೂಢಿಯಿಂದ ಬಂದದ್ದು. ಆದರೆ ನಿಯಮಕ್ಕಿಂತ ನಿಷ್ಠೆಯಿಂದ ನಡೆಯಿತು. ಹೊಸದಾಗಿ ಸೇರಿದವರಿಗೆ ಸೂಪರ್‌ವೈಸರ್ ಮೊದಲು ಬಚ್ಚಲು ತೋರಿಸುತ್ತಿದ್ದ, ಆಮೇಲೆ ನನ್ನನ್ನು ತೋರಿಸುತ್ತಿದ್ದ. ಬೀದಿಯಲ್ಲಿ ನನ್ನ ಹೆಸರೇ ಗ್ಯಾಸಕ್ಕ ಎಂದಾಯಿತು. ನನಗೂ ಒಳಗೊಳಗೆ ಜಂಬವಿತ್ತು. ಟೀ ಮಾರುವವಳ ಮಾತಿಗೆ ಇಡೀ ಫ್ಯಾಕ್ಟರಿ ನಿಲ್ಲುತ್ತದೆಯೆಂದರೆ ಯಾರಿಗೆ ತಾನೇ ಹಿತವಾಗುವುದಿಲ್ಲ?

ನೋಡಿ ಮಾನ್ಯರೇ, ಪ್ರಶಸ್ತಿಗೆ ಆಯ್ಕೆಯಾದ ಒಂದು ಕಾರ್ಖಾನೆಯ ಸುರಕ್ಷತಾ ವ್ಯವಸ್ಥೆ ಎದುರಂಗಡಿ ಹೆಂಗಸಿನ ಮೂಗು. ಇದು ತಮ್ಮ ಆಯ್ಕೆ ಸಮಿತಿಗೆ ಗೊತ್ತಿತ್ತೇ? ಗೊತ್ತಿದ್ದರೆ ಪ್ರಶಸ್ತಿಯಲ್ಲಿ ಅರ್ಧ ನನಗೂ ಬರಬೇಕಿತ್ತು.

ಆ ಮೂಗು ಈಗ ಕೆಟ್ಟಿದೆ.

ಮಳೆ ನಿಂತ ಮೇಲೆ ಬೀದಿಗೆಲ್ಲ ಒಂದು ಜ್ವರ ಬಂತು, ನನಗೂ ಬಂತು. ಎದ್ದು ಅಂಗಡಿ ತೆಗೆದ ದಿನ ಒಲೆಯ ಮೇಲೆ ಹಾಲಿಟ್ಟು ಲೋಟ ತೊಳೆಯುತ್ತಿದ್ದೆ. ಹೂವಿನಂಗಡಿಯವರು ಬಂದು, "ಏನಕ್ಕ, ಹಾಲು ಸೀದು ತಳ ಹತ್ತಿದೆ, ಬೀದಿ ತುದಿವರೆಗೆ ವಾಸನೆ. ನೀನು ಎಲ್ಲಿದ್ದೀಯ?" ಎಂದರು. ನಾನು ಒಲೆಯ ಪಕ್ಕದಲ್ಲೇ ಇದ್ದೆ. ಪಾತ್ರೆಯೊಳಗೆ ಮುಖವಿಟ್ಟು ಎಳೆದೆ, ಏನೂ ಇಲ್ಲ. ಏಲಕ್ಕಿ ಡಬ್ಬಿ ತೆಗೆದು ಮೂಸಿದೆ. ಸೋಪು ಮೂಸಿದೆ. ಕೊನೆಗೆ ಸೀಮೆಎಣ್ಣೆ ಮೂಸಿದೆ. ಎಲ್ಲಕ್ಕೂ ಒಂದೇ ಉತ್ತರ. ಹೂವಿನಂಗಡಿಯವರು ನಗುತ್ತಿದ್ದರು, ನಾನು ಒಲೆ ಆರಿಸಿದೆ. ಸೀದ ಹಾಲು ಹೋಗಲಿ ಬಿಡಿ, ಎದುರಿನ ಗೇಟು ನನ್ನ ಕಣ್ಣ ಮುಂದೆಯೇ ಇತ್ತು.

ಡಾಕ್ಟರು ಮೂಗಿಗೆ ಟಾರ್ಚು ಹಾಕಿ ನೋಡಿ, "ಬರಬಹುದು, ಬರದೇನೂ ಇರಬಹುದು" ಎಂದರು. ಇದಕ್ಕಿಂತ ಸ್ಪಷ್ಟವಾಗಿ ನಾನೂ ಹೇಳಬಲ್ಲೆ. ತಾವು ಕೇಳಬಹುದು, ವಾಸನೆ ಇಲ್ಲದಿದ್ದರೇನು, ಕಣ್ಣು ಉರಿಯುವುದಿಲ್ಲವೇ, ಗಂಟಲು ಕೆರೆಯುವುದಿಲ್ಲವೇ? ಉರಿಯುತ್ತದೆ. ಆದರೆ ಕಣ್ಣು ಉರಿಯುವಷ್ಟು ಬೀದಿಗೆ ಬಂದಿದೆಯೆಂದರೆ ಒಳಗಿನ ಕೋಣೆಯಲ್ಲಿ ಎಷ್ಟಿರಬೇಕು? ಮೇಲಾಗಿ ದಿನವೆಲ್ಲ ಒಲೆಯ ಮುಂದೆ ನಿಲ್ಲುವವಳಿಗೆ ಕಣ್ಣುರಿ ಹೊಸದಲ್ಲ. ಚಿಕ್ಕ ಸೋರಿಕೆಯನ್ನು ದೊಡ್ಡದಾಗುವ ಮೊದಲೇ ಹಿಡಿಯುವುದು ನನ್ನ ಕೆಲಸವಾಗಿತ್ತು, ಅದೊಂದನ್ನೇ ಈಗ ನಾನು ಮಾಡಲಾರೆ.

ಮನೆಗೆ ಬಂದು ನಮ್ಮನೆಯವರಿಗೆ ಹೇಳಿದೆ. ಅವರು ಅಂಗಿ ಬಿಚ್ಚಿ ಮೊಳೆಗೆ ನೇತುಹಾಕುತ್ತಿದ್ದರು.

"ರೀ, ನಂಗೆ ಯಾವ ವಾಸನೇನೂ ಬರ್ತಿಲ್ಲ."

"ಜ್ವರ ಬಂದು ಹೋಗಿದೆ, ನಾಲ್ಕು ದಿನ ಹಾಗೇ ಇರುತ್ತೆ."

"ಬರದೇ ಹೋದ್ರೆ?"

"ಬರದೇ ಹೋದ್ರೆ ನನ್ನ ಅಂಗಿ ಒಗೆಯೋಕೆ ಸುಲಭ ಆಯ್ತು ಬಿಡು."

ಅವರು ಹೀಗೆಯೇ, ಹೆದರಿದಾಗ ತಮಾಷೆ ಮಾಡುತ್ತಾರೆ. ಅವರು ಸ್ನಾನಕ್ಕೆ ಹೋದ ಮೇಲೆ ನಾನು ಆ ಅಂಗಿಯನ್ನು ತೆಗೆದು ಮುಖಕ್ಕೆ ಒತ್ತಿಕೊಂಡೆ. ಒಂದು ಸಂಗತಿಯನ್ನು ಈವರೆಗೆ ನಾನು ಯಾರಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ. ಪ್ರತಿದಿನ ಅವರು ಸ್ನಾನಕ್ಕೆ ಹೋದಾಗ ಆ ಅಂಗಿಯನ್ನು ಮೂಸಿ ನೋಡುತ್ತಿದ್ದೆ. ಅಂದು ಒಳಗೆ ಎಷ್ಟಿತ್ತೆಂದು ಆ ಅಂಗಿ ನನಗೆ ಹೇಳುತ್ತಿತ್ತು. ಕಡಿಮೆ ಇದ್ದ ದಿನ ನೆಮ್ಮದಿಯಿಂದ ಅಡುಗೆ ಮಾಡುತ್ತಿದ್ದೆ, ಜಾಸ್ತಿ ಇದ್ದ ದಿನ ಜಗಳ ತೆಗೆಯುತ್ತಿದ್ದೆ. ಪಾಪ, ಇವಳಿಗೆ ಇದ್ದಕ್ಕಿದ್ದಂತೆ ಏನಾಗುತ್ತದೆ ಎಂದು ಅವರಿಗೆ ಎಂದೂ ಅರ್ಥವಾಗಲಿಲ್ಲ. ಈಗ ಆ ಅಂಗಿ ಬರೀ ಬಟ್ಟೆ. ಅವರು ಅಲ್ಲಿ ಏನು ಉಸಿರಾಡಿ ಬರುತ್ತಾರೋ ನನಗೆ ತಿಳಿಯುವ ದಾರಿಯೇ ಇಲ್ಲ.

ಮರುದಿನ ಸೂಪರ್‌ವೈಸರ್‌ಗೆ ಹೇಳಿದೆ. ಆತ ಕೆಟ್ಟವನಲ್ಲ. ಎರಡು ಟೀ ಕುಡಿದು ಒಂದಕ್ಕೆ ಲೆಕ್ಕ ಹೇಳುವ ಅಭ್ಯಾಸವೊಂದು ಬಿಟ್ಟರೆ ಒಳ್ಳೆಯ ಮನುಷ್ಯ.

"ಅಯ್ಯೋ ಅಕ್ಕ, ಇನ್ನು ನಿಮ್ಮ ಮೂಗಿನ ಚಿಂತೆ ಯಾಕೆ? ಮೀಟರ್ ಬಂದಿದೆಯಲ್ಲ! ಸಾಹೇಬ್ರೇ ಬಂದು ಹಾಕ್ಸಿದ್ದಾರೆ."

"ಅದು ಗೇಟಲ್ಲಿದೆ. ಗ್ಯಾಸ್ ಇರೋದು ಒಳಗೆ."

"ಒಳಗೆ ಹಾಕಿದ್ರೆ ಬಂದವರಿಗೆ ಕಾಣಲ್ವಲ್ಲ ಅಕ್ಕ."

ಅಂದು ಅವನ ಲೆಕ್ಕದಲ್ಲಿ ಎರಡೂ ಟೀ ಬರೆದುಕೊಂಡೆ. ಆಮೇಲೊಂದು ದಿನ ಮೀಟರಿನ ಗಾಜು ಒರೆಸಲು ಅದನ್ನು ಮಾರಿದ ಕಂಪನಿಯವನೊಬ್ಬ ಬಂದ. ಟೀ ಕೊಟ್ಟು, ಇದಕ್ಕೆ ಅಮೋನಿಯಾ ತಿಳಿಯುತ್ತದೆಯೇ ಎಂದು ಕೇಳಿದೆ. ಅವನು ನಕ್ಕ. "ಇದು ಧೂಳು, ಗಾಡಿ ಹೊಗೆ ಅಳೆಯೋದಮ್ಮ. ಆ ಗ್ಯಾಸಿಗೆ ಬೇರೇನೇ ಬರುತ್ತೆ. ಇವ್ರು ಅದನ್ನ ಕೇಳ್ಲಿಲ್ಲ, ನಾವು ಕೊಡ್ಲಿಲ್ಲ." ಮಾನ್ಯರೇ, ತಾವು ಉದ್ಘಾಟಿಸಿದ ವಸ್ತು ಏನನ್ನು ಅಳೆಯುತ್ತದೆ ಎಂದು ರಿಬ್ಬನ್ ಕತ್ತರಿಸುವ ಮೊದಲು ಒಂದು ಮಾತು ಕೇಳಬಾರದಿತ್ತೇ? ನಾವು ಸೌತೆಕಾಯಿ ಕೊಳ್ಳುವಾಗಲೂ ಕಹಿಯೇ ಎಂದು ಕೇಳಿ ಕೊಳ್ಳುತ್ತೇವೆ.

ಆಮೇಲೆ ಆ ಮಧ್ಯಾಹ್ನ ಬಂತು. ಅಂಗಡಿಯ ಮುಂದೆ ನಾಲ್ಕಾರು ಜನ ಕೂತಿದ್ದರು, ಎಲ್ಲರೂ ಈ ಬೀದಿಯವರೇ, ಒಗ್ಗಿಹೋದ ಮೂಗಿನವರು. ನಾನು ಟೀ ಸೋಸುತ್ತಿದ್ದೆ. ಮೊದಲ ಸಲ ಐಸ್ ತುಂಬಿಕೊಳ್ಳಲು ಬಂದಿದ್ದ ಹೊಸ ಡ್ರೈವರೊಬ್ಬ ಗಾಡಿಯಿಂದ ಇಳಿದವನು ಮೂಗು ಮುಚ್ಚಿಕೊಂಡು, "ಥೂ, ಏನಿದು ಘಾಟು? ಹೇಗೆ ಕೂತಿದ್ದೀರಾ ಇಲ್ಲಿ?" ಎಂದ. ನನ್ನ ಕೈಯಿಂದ ಜಾಲರಿ ಬಿತ್ತು. ರಸ್ತೆ ದಾಟಿ ಗೇಟಿನೊಳಗೆ ಓಡಿದೆ, ಕಾವಲಿನವನು "ಅಕ್ಕ, ಅಕ್ಕ" ಎಂದು ಹಿಂದೆ ಓಡಿಬಂದ. ಯಂತ್ರದ ಕೋಣೆಯ ಬಾಗಿಲು ತಲುಪುವ ಹೊತ್ತಿಗೆ ನನ್ನ ಕಣ್ಣಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಆಗಲೂ ಮೂಗಿಗೆ ಏನೂ ಇಲ್ಲ. ಗಾಳಿ ತಿಳಿಯಾಗಿದೆ ಎಂದು ಮೂಗು ಹೇಳುತ್ತಿದೆ, ಕಣ್ಣು ಬೇಯುತ್ತಿದೆ. ಅಷ್ಟು ಭಯಾನಕವಾದದ್ದನ್ನು ನಾನು ಹಿಂದೆಂದೂ ಅನುಭವಿಸಿರಲಿಲ್ಲ. ಒಳಗೆ ಕಂಪ್ರೆಸರ್‌ನ ಸದ್ದಿನಲ್ಲಿ ನಾನು ಕೂಗಿದ್ದು ಯಾರಿಗೆ ಕೇಳಬೇಕು? ಕೂಗಿದೆ, ಬಾಗಿಲಿಗೆ ಕಲ್ಲಿನಿಂದ ಬಡಿದೆ, ಮತ್ತೆ ಕೂಗಿದೆ.

ನಮ್ಮನೆಯವರು ಒದ್ದೆ ಟವಲನ್ನು ಮುಖಕ್ಕೆ ಸುತ್ತಿಕೊಂಡು ಹೊರಗೆ ಬಂದರು. ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಗೋಡೆ ಹಿಡಿದು ಬಹಳ ಹೊತ್ತು ಕೆಮ್ಮಿದರು. ವಾಲ್ವ್ ಮುಚ್ಚಿ ಬಂದಿದ್ದರು. ನಾನು ಅವರ ತಲೆಗೆ, ಮುಖಕ್ಕೆ ನೀರು ಸುರಿದೆ. ಉಸಿರು ಹಿಡಿತಕ್ಕೆ ಬಂದ ಮೇಲೆ ಹೇಳಿದ ಮೊದಲ ಮಾತು, "ಏನಾಗಿಲ್ಲ. ಅಂಗಡಿ ಯಾರು ನೋಡ್ಕೊತಿದ್ದಾರೆ?"

ಸಿಟ್ಟು ಬಂತು, ಅಳುವೂ ಬಂತು. ಅವರ ತೋಳು ಹಿಡಿದು ಹೊರಗೆ ಕರೆತರುವಾಗ ಗೇಟಿನ ಮೀಟರನ್ನು ನೋಡಿದೆ. ಹಸಿರು. ಪಕ್ಕದಲ್ಲೇ ನಗುವ ಎಲೆಯ ಚಿತ್ರ. ಅದರ ಕೆಳಗೆ 'ಇಂದಿನ ಗಾಳಿ ಉತ್ತಮ' ಎಂದು ಅಕ್ಷರಗಳು ಎಡದಿಂದ ಬಲಕ್ಕೆ ಓಡುತ್ತಿದ್ದವು. ನಮ್ಮನೆಯವರು ಅದರ ಕೆಳಗೇ ನಿಂತು ವಾಂತಿ ಮಾಡಿಕೊಂಡರು.

ಮರುದಿನ ತಮ್ಮ ಕಚೇರಿಗೆ ಬಂದಿದ್ದೆ. ತಾವಿರಲಿಲ್ಲ, ಸುಸ್ಥಿರತೆಯ ಮೇಲೆ ವಿಚಾರ ಸಂಕಿರಣವಿತ್ತಂತೆ. ಕಿಟಕಿಯಲ್ಲಿದ್ದ ಗುಮಾಸ್ತರು ಬಹಳ ಸಭ್ಯರು. ಕಂಪ್ಯೂಟರ್ ತಿರುಗಿಸಿ ತೋರಿಸಿದರು.

"ನೋಡೀಮ್ಮ, ನೀವು ಹೇಳೋ ದಿನ, ನೀವು ಹೇಳೋ ಹೊತ್ತಿಗೆ ಅಲ್ಲಿನ ಗಾಳಿ ಚೆನ್ನಾಗಿತ್ತು."

"ಸಾರ್, ನನ್ನ ಗಂಡ ಉಸಿರಾಡೋಕಾಗದೆ ಒದ್ದಾಡಿದ್ರು."

"ಇರಬಹುದು. ಆದ್ರೆ ಗಾಳಿ ಚೆನ್ನಾಗಿತ್ತು."

ಹಾಗಾದರೆ ಗಾಳಿ ಚೆನ್ನಾಗಿತ್ತು, ಉಸಿರಾಡಿದವರದ್ದೇ ತಪ್ಪು ಎಂದು ಬರೆದುಕೊಡಿ ಎಂದೆ. ಅವರಿಗೆ ಕೋಪ ಬಂತು. ಊಟದ ಹೊತ್ತಾಯಿತು ಎಂದು ಕಿಟಕಿ ಮುಚ್ಚಿದರು.

ಬೀದಿಗೆ ಮರಳಿದರೆ ಅಲ್ಲೂ ನೆಮ್ಮದಿಯಿಲ್ಲ. ನಾನು ಕಚೇರಿಗೆ ಹೋದ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಮೀನು ಮಾರುವ ದೊಡ್ಡಮ್ಮ, ನನ್ನ ಹೆರಿಗೆಯಲ್ಲಿ ಪಕ್ಕದಲ್ಲಿ ನಿಂತವಳು, ಬುಟ್ಟಿಯನ್ನು ಅಂಗಡಿಯ ಮುಂದೆ ದೊಪ್ಪನೆ ಇಳಿಸಿದಳು. "ಫ್ಯಾಕ್ಟರಿ ಮುಚ್ಚಿಸ್ತೀಯೇನೇ? ನನ್ನ ಮೀನು ನಿನ್ನ ಒಲೆ ಮೇಲೆ ಇಟ್ಕೊಳ್ಲಾ? ನಿನ್ನ ಗಂಡನ ಕೆಲಸ ಹೋದ್ರೆ ನಿನ್ನ ಟೀ ಯಾರು ಕುಡೀತಾರೆ?" ಎಂದು ಕೇಳಿದಳು. ದೊಡ್ಡಮ್ಮನ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ನನ್ನ ಎರಡನೆಯ ಭಯ. ತಮ್ಮ ಕಚೇರಿಗೆ ಎರಡೇ ಕೆಲಸ ಬರುತ್ತವೆ ಎಂದು ನಮಗೆಲ್ಲ ಗೊತ್ತಿದೆ, ಪ್ರಶಸ್ತಿ ಕೊಡುವುದು, ಇಲ್ಲವೇ ಬೀಗ ಜಡಿಯುವುದು. ಇವೆರಡರ ನಡುವೆ ಒಂದು ಕೆಲಸವಿದೆ. ಬಂದು ನೋಡುವುದು, ಸರಿಮಾಡಿಸುವುದು, ಮತ್ತೆ ಬಂದು ನೋಡುವುದು. ಅದರಲ್ಲಿ ಫೋಟೋ ಚೆನ್ನಾಗಿ ಬರುವುದಿಲ್ಲ, ನಿಜ.

ಸುಸ್ಥಿರ ಎಂದರೇನು ಎಂದು ನಾನು ಒಲೆಯ ಮುಂದೆ ನಿಂತು ಬಹಳ ಯೋಚಿಸಿದ್ದೇನೆ. ನಾಳೆಯೂ ನಡೆಯುವ ಹಾಗೆ ಇಂದು ನಡೆಸುವುದು, ಇಷ್ಟೇ ತಾನೇ? ವ್ಯಾಪಾರ ಮಾಡುವವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಕಲಬೆರಕೆ ಟೀಪುಡಿ ಹಾಕಿ ಒಂದು ವಾರ ಲಾಭ ಮಾಡಬಹುದು, ಮುಂದಿನ ವಾರ ಬೆಂಚು ಖಾಲಿ. ಹಾಗಿದ್ದರೆ ಯಂತ್ರ ನಡೆಸುವವರ ಎದೆಯನ್ನು ದಿನವೂ ಚೂರು ಚೂರಾಗಿ ಸುಟ್ಟು ಮಾಡುವ ಐಸು ಯಾವ ಲೆಕ್ಕದಲ್ಲಿ ಸುಸ್ಥಿರ? ಮೀನು ಕೆಡದಂತೆ ಉಳಿಯಿತು, ಹೂವು ಬಾಡದಂತೆ ಉಳಿಯಿತು, ಹಾಲು ಒಡೆಯದಂತೆ ಉಳಿಯಿತು. ಅವನ್ನೆಲ್ಲ ಉಳಿಸಿದ ಮನುಷ್ಯರನ್ನು ಉಳಿಸುವುದು ಯಾವ ಇಲಾಖೆಯ ಕೆಲಸ? ಕೈಗಾರಿಕೆಯವರು ಆರೋಗ್ಯದವರತ್ತ ಬೆರಳು ತೋರಿಸುತ್ತಾರೆ, ಆರೋಗ್ಯದವರು ಕಾರ್ಮಿಕ ಇಲಾಖೆಯತ್ತ ತೋರಿಸುತ್ತಾರೆ. ಎಲ್ಲರ ಬೆರಳೂ ಚೆನ್ನಾಗಿ ಕೆಲಸ ಮಾಡುತ್ತಿವೆ.

ಮಾಲೀಕರನ್ನೂ ನಾನು ಬೈಯುವುದಿಲ್ಲ. ಅವರು ಗೇಟಿನ ಮುಂದೆ ಸಸಿ ನೆಟ್ಟಿದ್ದಾರೆ, ಗೋಡೆಗೆ ಹಸಿರು ಬಣ್ಣ ಹೊಡೆಸುತ್ತಿದ್ದಾರೆ, ಕುಂಡಗಳನ್ನು ತರಿಸಿದ್ದಾರೆ. ಪ್ರಶಸ್ತಿಗೆ ಏನೇನು ಬೇಕೆಂದು ತಾವು ಹೇಳಿದಿರೋ ಅದನ್ನೆಲ್ಲ ಮಾಡಿದ್ದಾರೆ. ಯಂತ್ರದ ಕೋಣೆಗೆ ಒಂದು ಅಲಾರಂ ಬೇಕೆಂದು ತಾವು ಹೇಳಿದ್ದರೆ ಅದನ್ನೂ ಹಾಕಿಸುತ್ತಿದ್ದರು. ವ್ಯಾಪಾರಿಗಳು ಕೇಳಿದ್ದನ್ನು ಕೊಡುತ್ತಾರೆ, ಕೇಳುವವರು ತಾವು. ತಾವು ಕೇಳಿದ್ದು ಕುಂಡ.

ಮೂಗು ಹೋದ ಮೇಲೆ ನನ್ನ ಅಂಗಡಿ ಹೇಗೆ ನಡೆಯುತ್ತಿದೆ ಗೊತ್ತೇ? ಬಂದವರಿಗೆಲ್ಲ ಟೀಗೆ ಮೊದಲು ನಾನೇ ಕೇಳುತ್ತೇನೆ, "ಅಣ್ಣ, ಏನಾದ್ರೂ ವಾಸನೆ ಬರ್ತಿದೆಯಾ?" ಹೊಸಬರು ಬೆಚ್ಚಿ ತಮ್ಮ ಅಂಗಿಯ ಕಂಕುಳನ್ನು ಮೂಸಿಕೊಳ್ಳುತ್ತಾರೆ. ಕೆಲವರು ಟೀಯಲ್ಲೇ ಏನೋ ಇದೆ ಎಂದುಕೊಂಡು ಎದ್ದುಹೋಗುತ್ತಾರೆ. ಗಿರಾಕಿಗಳು ಕಡಿಮೆಯಾಗಿದ್ದಾರೆ. ಕೇಳುವುದನ್ನು ನಿಲ್ಲಿಸಲು ನನಗೆ ಧೈರ್ಯವಿಲ್ಲ. ಕಂಪ್ರೆಸರ್‌ನ ಸದ್ದು ಸ್ವಲ್ಪ ಬದಲಾದರೂ ಹಾಲು ಉಕ್ಕಲು ಬಿಟ್ಟು ಬೀದಿಗೆ ಇಳಿಯುತ್ತೇನೆ.

ಇಷ್ಟಾದರೂ ನಾನು ಬಹಿರಂಗವಾಗಿ ಬರೆಯುತ್ತಿರಲಿಲ್ಲ. ಬರೆದರೆ ಗಂಡನ ಕೆಲಸಕ್ಕೆ ಕುತ್ತು ಎಂಬ ಹೆದರಿಕೆ ನನ್ನ ಬಾಯಿ ಕಟ್ಟಿತ್ತು. ಬರೆಸಿದ್ದು ಮುಂದೆ ನಡೆದ ಸಂಗತಿ.

ಐಸ್ ಗಡ್ಡೆ ಎತ್ತುವ ಕೆಲಸದವನೊಬ್ಬನ ಹೆಂಡತಿ ಹೋದ ವಾರ ಗಂಡನಿಗೆ ಬುತ್ತಿ ಕೊಡಲು ಬಂದಳು. ಚಿಕ್ಕ ಪ್ರಾಯದವಳು, ಚೊಚ್ಚಲ ಬಸುರಿ. ನನ್ನ ಬೆಂಚಿನ ಮೇಲೆ ಕೂತವಳು ತಕ್ಷಣ ಬಾಯಿ ಮುಚ್ಚಿಕೊಂಡು ಚರಂಡಿಯ ಕಡೆ ಓಡಿದಳು. "ಅಕ್ಕ, ಏನೋ ಘಾಟು, ಹೊಟ್ಟೆ ತೊಳಸ್ತಿದೆ" ಎಂದಳು. ಬೆಂಚಿನ ಮೇಲಿದ್ದ ಬೇರೆ ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಒಳಗೆ ಹೋಗಿ ಕಡ್ಡಿ ಹಚ್ಚಿದರೆ ಒಂದು ಪೈಪಿನ ಜೋಡಣೆಯಲ್ಲಿ ಬಿಳಿ ಹೊಗೆ. ಎಲ್ಲರಿಗೂ ಸಂತೋಷವೋ ಸಂತೋಷ. ಸೂಪರ್‌ವೈಸರ್ ಅವಳಿಗೆ ತಾನೇ ದುಡ್ಡು ಕೊಟ್ಟು ಟೀ ಕೊಡಿಸಿದ, ಹಿಂದೆಂದೂ ಆಗದ ಘಟನೆ ಅದು.

ಮರುದಿನದಿಂದ ಅವಳಿಗೆ ಕೆಲಸ ಸಿಕ್ಕಿತು. ನನ್ನ ಬೆಂಚಿನ ಮೇಲೆ ಕೂರುವುದು.

"ಮೊದಮೊದಲ ತಿಂಗಳಲ್ಲಿ ಬಸುರಿಯರ ಮೂಗು ಬಲು ಚುರುಕಂತೆ ಅಕ್ಕ," ಎಂದ ಸೂಪರ್‌ವೈಸರ್. "ನಿಮಗಿಂತ ಚೆನ್ನಾಗಿ ಹಿಡೀತಾಳೆ. ನಿಮ್ಮ ಜೊತೆ ಕೂತಿರಲಿ, ನಿಮಗೂ ಮಾತಿಗೆ ಆಯ್ತು."

"ತಿಂಗಳು ತುಂಬ್ತಾ ಬಂದ ಮೇಲೆ?"

"ಆಗಿನ ಮಾತು ಆಗ ನೋಡೋಣ. ಅಷ್ಟರಲ್ಲಿ ಬೇರೆ ಯಾರಾದ್ರೂ..." ಎಂದವನು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ಅವಳು ಬಂದು ಕೂತಳು. ಮೊದಲ ಸಂಬಳದಲ್ಲಿ ಮಗುವಿಗೆ ಹೊದಿಕೆ ತರುತ್ತೇನೆ ಎಂದಳು. "ಕೂತಿರೋದಕ್ಕೆ ಸಂಬಳ ಕೊಡ್ತಾರಂತೆ ಅಕ್ಕ! ಈ ಸ್ಥಿತೀಲಿ ನಂಗೆ ಬೇರೆ ಯಾರು ಕೆಲಸ ಕೊಡ್ತಾರೆ?" ಎಂದು ಮುಖವರಳಿಸಿ ನಕ್ಕಳು. ದಿನಕ್ಕೆ ಎಷ್ಟೋ ಸಲ ಎದ್ದು ಚರಂಡಿಗೆ ಓಡುವಳು, ಅವಳು ಓಡಿದಾಗಲೆಲ್ಲ ಒಳಗಿನವರು ವಾಲ್ವ್ ನೋಡುವರು. ಮಾನ್ಯರೇ, ಅವಳಿದ್ದ ಅಷ್ಟು ದಿನ ನನಗೆ ಎಷ್ಟು ನೆಮ್ಮದಿಯಾಗಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ. ಅವಳು ಸುಮ್ಮನೆ ಕೂತಿದ್ದರೆ ಒಳಗೆ ನನ್ನ ಗಂಡ ಕ್ಷೇಮ ಎಂದು ಲೆಕ್ಕ. ಆದರೆ ಅವಳು ಎದ್ದು ಓಡುವಾಗ ಎರಡು ಜೀವ ಅದೇ ಗಾಳಿಯನ್ನು ಉಸಿರಾಡಿರುತ್ತವೆ. ನನ್ನ ಗಂಡನ ಕ್ಷೇಮಕ್ಕೆ ಕಾವಲಾಗಿ ಹುಟ್ಟದ ಒಂದು ಕೂಸನ್ನು ಕೂರಿಸಿಕೊಂಡು ನಾನು ಟೀ ಮಾರುತ್ತಿದ್ದೆ. ಸುಸ್ಥಿರ ಅಭಿವೃದ್ಧಿಯೆಂದರೆ ಮುಂದಿನ ಪೀಳಿಗೆಯ ಪಾಲನ್ನು ನಾವು ಕಬಳಿಸದಿರುವುದು ಎಂದು ತಾವು ಆ ಗೇಟಿನ ಮುಂದೆಯೇ ನಿಂತು ಹೇಳಿದ್ದಿರಿ. ಮುಂದಿನ ಪೀಳಿಗೆ ನನ್ನ ಬೆಂಚಿನ ಮೇಲೆ ಕೆಲಸಕ್ಕೆ ಕೂತಿತ್ತು ಸ್ವಾಮಿ.

ನಿನ್ನೆ ಅವಳ ಗಂಡನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ, ಒಪ್ಪಿದ. ಅವಳು ಅತ್ತಳು, ನನ್ನ ಮೇಲೆ ಮುನಿಸಿಕೊಂಡಳು. ಇಂದು ಬೆಳಿಗ್ಗೆ ನಾನೇ ಅವಳನ್ನು ತವರಿಗೆ ಹೋಗುವ ಬಸ್ಸು ಹತ್ತಿಸಿ ಬಂದೆ. ಬಸ್ಸು ಹೊರಡುವಾಗ ಮುನಿಸು ಮರೆತು ಕಿಟಕಿಯಿಂದ ಬಗ್ಗಿ ಕೇಳಿದಳು, "ಅಕ್ಕ, ಹಾಗಾದ್ರೆ ಇನ್ಮೇಲೆ ಭಾವನಿಗೆ ಯಾರು ಹೇಳ್ತಾರೆ?"

ಅಷ್ಟರಲ್ಲಿ ಬಸ್ಸು ಹೊರಟುಹೋಯಿತು. ಆ ಪ್ರಶ್ನೆಯನ್ನು ತಮಗೆ ದಾಟಿಸುತ್ತಿದ್ದೇನೆ. ತಾವು ಬರುವ ವಾರ ಬರಬೇಡಿ, ನಾಳೆಯೇ ಬನ್ನಿ. ಪ್ರಶಸ್ತಿ ತರಬೇಡಿ, ಅಮೋನಿಯಾ ತಿಳಿಯುವ ಅಲಾರಂ ತನ್ನಿ. ಅದನ್ನು ಗೇಟಿನಲ್ಲಲ್ಲ, ಯಂತ್ರದ ಕೋಣೆಯಲ್ಲಿ ಹಾಕಿಸಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಲಿ. ಒಳಗಿರುವವರಿಗೆ ಒದ್ದೆ ಟವಲಿನ ಬದಲು ಸರಿಯಾದ ಮುಖವಾಡ ಕೊಡಿಸಿ. ಹಳೆಯ ಪೈಪುಗಳನ್ನು ಬದಲಿಸುವವರೆಗೆ ಯಂತ್ರ ನಿಲ್ಲಿಸಿ, ನಿಂತ ದಿನಗಳ ಕೂಲಿಯನ್ನು ಕೊಡಲೇಬೇಕೆಂದು ಮಾಲೀಕರಿಗೆ ತಾವೇ ಹೇಳಿ. ಆಮೇಲೆ ಫ್ಯಾಕ್ಟರಿ ಮತ್ತೆ ನಡೆಯಲಿ, ದೊಡ್ಡಮ್ಮನ ಮೀನು ಕೆಡದಿರಲಿ. ಆಗ ಪ್ರಶಸ್ತಿಯನ್ನು ಎರಡು ಬೇಕಾದರೂ ಕೊಡಿ, ಚಪ್ಪಾಳೆ ತಟ್ಟಲು ನಾನಿದ್ದೇನೆ.

ಬಸ್ ನಿಲ್ದಾಣದಿಂದ ಬಂದು ನಮ್ಮನೆಯವರಿಗೆ ವಿಷಯ ತಿಳಿಸಿದೆ. ಅವಳನ್ನು ಕಳಿಸಿದ ಮೇಲೆ ಈ ಬೀದಿಯಲ್ಲಿ ಅವರನ್ನು ಎಚ್ಚರಿಸುವವರು ಯಾರೂ ಉಳಿದಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಲೋಟ ಖಾಲಿ ಮಾಡಿ ಬೆಂಚಿನ ಮೇಲಿಟ್ಟರು. ಈ ಸಲ ತಮಾಷೆ ಮಾಡಲಿಲ್ಲ. "ಒಳ್ಳೇ ಕೆಲಸ ಮಾಡಿದೆ" ಎಂದಷ್ಟೇ ಹೇಳಿ, ಟವಲನ್ನು ನಲ್ಲಿಯ ಕೆಳಗೆ ಹಿಡಿದು ನೆನೆಸಿ ಹೆಗಲ ಮೇಲೆ ಹಾಕಿಕೊಂಡು ಗೇಟು ದಾಟಿ ಹೋದರು. ಇದನ್ನು ಬರೆಯುವಾಗ ಅವರು ಒಳಗಿದ್ದಾರೆ.

ಇಂತಿ,
ಒಳಗೆ ಹೋದವರು ಹೊರಗೆ ಬರುವವರೆಗೆ ಬಾಗಿಲಿನಿಂದ ಕಣ್ಣು ತೆಗೆಯಲಾರದ,
ಎದುರು ಅಂಗಡಿಯ ಹೆಂಗಸು